ಡ್ರಮ್ಮಿನೊಳಗಿನ ಮರಳು

ಹರಿಹರದ ಹಾಲಪ್ಪ ಸಾವುಕಾರರ ಇಟ್ಟಿಗೆ ಭಟ್ಟಿಯಲ್ಲಿ ದಸ್ತಗಿರಿ ಪಿಕಪ್ ಓಡಿಸುತ್ತಿದ್ದ. ಗಾಡಿಯನ್ನು ಭಟ್ಟಿಯಲ್ಲೇ ಬಿಟ್ಟು ಹೋಗಿ, ತಂಗಿಯ ಮದುವೆ ಮುಗಿಸಿ ಬಂದು ಹೊರಡಿಸಿದರೆ ಹಿಂದಿನಿಂದ ಗೊರಗೊರ ಸದ್ದು. ಗ್ಯಾರೇಜಿನ ಮೇಸ್ತ್ರಿ ಹಿಂದಿನ ಚಕ್ರ ಎತ್ತಿ, ತಿರುಗಿಸಿ ನೋಡಿದ. "ಆಕ್ಸಲ್ ಬಾಗಿದೆ, ಬೇರಿಂಗ್ ಹೋಗಿದೆ. ಯಾರೋ ಮಿತಿಮೀರಿ ಲೋಡ್ ಹೇರಿದಾರೆ" ಎಂದ.

ಸಾವುಕಾರರು ಸಿಡಿದೆದ್ದರು. "ಗಾಡಿ ಓಡಿಸೋನು ನೀನೊಬ್ಬನೇ. ನೀನೇ ರಿಪೇರಿ ಮಾಡಿಸು, ಇಲ್ಲಾ ಕೀಲಿ ಇಟ್ಟು ನಡಿ!"

ದಸ್ತಗಿರಿಗೆ ಅನುಮಾನವಿದ್ದದ್ದು ಸಾವುಕಾರರ ಬಾಮೈದ ಕೊಟ್ರೇಶಿಯ ಮೇಲೆ. ಗಾಡಿಯ ಇನ್ನೊಂದು ಕೀಲಿ ಸಾವುಕಾರರ ಮನೆಯಲ್ಲೇ ಇತ್ತು. ಹೊಳೆಯ ಮರಳು ಕದ್ದು ಸಾಗಿಸುವವರ ಜೊತೆ ಕೊಟ್ರೇಶಿಯ ಓಡಾಟವೂ ಇತ್ತು. ಆದರೆ ಸಾವುಕಾರರ ಮುಂದೆ ಅವರ ಹೆಂಡತಿಯ ತಮ್ಮನ ಹೆಸರೆತ್ತುವುದು ಹೇಗೆ?

ಮರುದಿನ ಕೊಟ್ರೇಶಿ ಸಾವುಕಾರರ ಪಕ್ಕದಲ್ಲೇ ಕೂತಿದ್ದಾಗ ದಸ್ತಗಿರಿ ಅವರ ಮುಂದೆ ಕೈಕಟ್ಟಿ ನಿಂತ. "ತಪ್ಪು ನಂದಾದ್ರೆ ನಾನೇ ಮಾಡಿಸ್ತೀನಿ, ಸಾವುಕಾರ್ರೆ. ಮೇಸ್ತ್ರಿ ಈಗ ಚಕ್ರ ಬಿಚ್ಚುತಾನಂತೆ. ಲೋಡು ಇಟ್ಟಿಗೆದಾದ್ರೆ ಚಕ್ರದ ಬ್ರೇಕ್ ಡ್ರಮ್ಮಿನೊಳಗೆ ಕೆಂಪು ಪುಡಿ ಇರುತ್ತಂತೆ, ಮರಳಿಂದಾದ್ರೆ ಮರಳು. ಬನ್ನಿ, ನೀವೇ ನೋಡಿ."

ಮೇಸ್ತ್ರಿ ಅಂಥ ಮಾತನ್ನೇ ಆಡಿರಲಿಲ್ಲ.

ಕೊಟ್ರೇಶಿ ಗಹಗಹಿಸಿ ನಕ್ಕ. "ಮರಳು ಎಲ್ಲಿಂದ ಬರಬೇಕು? ನಾನೇ ಪೈಪ್ ಹಿಡಿದು ಒಂದು ಕಾಳೂ ಇಲ್ಲದಂಗೆ ತೊಳೆದಿದೀನಿ!"

ಆಮೇಲೆ ನಾಲಿಗೆ ಕಚ್ಚಿಕೊಂಡ. ಸಾವುಕಾರರು ನಿಧಾನವಾಗಿ ಅವನ ಕಡೆ ತಿರುಗಿದರು.

"ಭಾವಾ, ಅದು..."

"ದಸ್ತಗಿರಿ, ಮೇಸ್ತ್ರಿಗೆ ರಿಪೇರಿ ಶುರು ಮಾಡು ಅನ್ನು. ಖರ್ಚು ನಂದು" ಎಂದರು ಸಾವುಕಾರರು. "ಗಾಡಿ ಬರೋತನಕ ಇಟ್ಟಿಗೆ ಎಲ್ಲಾ ಇವನ ತಲೆ ಮೇಲೆ ಹೋಗ್ಲಿ."