ಈರಭದ್ರನ ಹೆಬ್ಬೆಟ್ಟು ಬ್ಯಾಂಕಿಗೆ ಹೋದದ್ದು

ಕೋಟಿ ಜೀವಗಳನ್ನು ಒಂದು ಬೆರಳಚ್ಚೂ ಕೇಳದೆ ಗುರುತು ಹಿಡಿದು ಅನ್ನವಿಡುವ ಶಿವನಿಗೆ ಕೈಮುಗಿದು ಹೇಳುತ್ತೇನೆ, ಕೇಳಿ.

ಒಂದೂರಲ್ಲಿ ಹೊನ್ನವ್ವ ಅಂತ ಒಬ್ಬ ತಾಯಿ. ಸುಣ್ಣ ಸುಟ್ಟು ಮಾರುವವಳು. ಗಂಡ ಶಿವನ ಪಾದ ಸೇರಿ ಬಹಳ ವರ್ಷವಾಗಿತ್ತು. ಉಳಿದವನು ಒಬ್ಬನೇ ಮಗ, ಈರಭದ್ರ. ಆಳು ಎತ್ತಿನಂಥವನು, ಬುದ್ಧಿ ಕರುವಿನದು. "ಒಲೆ ಮೇಲೆ ಹಾಲಿದೆ, ನೋಡ್ತಾ ಇರು" ಅಂದರೆ, ಹಾಲು ಉಕ್ಕಿ ಹರಿದು ಒಲೆ ಆರುವ ತನಕ ನೋಡುತ್ತಲೇ ಇರುವವನು. "ಇಳಿಸಬಾರದಾಗಿತ್ತೇನೋ!" ಅಂದರೆ, "ನೋಡು ಅಂದೆ, ನೋಡಿದೆ!" ಅನ್ನುವವನು. ಹೊನ್ನವ್ವ ಹಣೆ ಚಚ್ಚಿಕೊಂಡು, "ಶಿವಾ, ಇವನಿಗೆ ಕೊಡಬೇಕಾದ್ದನ್ನ ಯಾರಿಗೆ ಕೊಟ್ಟೆಯಪ್ಪಾ?" ಅನ್ನುವಳು.

ತಿಂಗಳಿಗೊಮ್ಮೆ ಅವಳ ವಿಧವಾ ಪಿಂಚಣಿ ಬ್ಯಾಂಕಿಗೆ ಬರುತ್ತಿತ್ತು. ಮನೆಯ ರಾಗಿ ಅದರಿಂದ, ಉಪ್ಪು ಅದರಿಂದ. ಒಂದು ಮಂಗಳವಾರ ಹೋದರೆ ಅಲ್ಲಿ ಹೊಸ ಯಂತ್ರ ಕೂತಿತ್ತು. ಅದರ ಗಾಜಿಗೆ ಹೆಬ್ಬೆಟ್ಟು ಒತ್ತಬೇಕಂತೆ. ಒತ್ತಿದಳು. ಕೆಂಪು ದೀಪ. ಸೆರಗಿನಲ್ಲಿ ಒರೆಸಿ ಒತ್ತಿದಳು. ಮತ್ತೂ ಕೆಂಪು ದೀಪ. ನಲವತ್ತು ವರ್ಷ ಸುಣ್ಣ ತಿಂದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿತ್ತು.

ಗುಮಾಸ್ತ ಶೇಷಗಿರಿರಾಯರು ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿದರು. ಆ ಎಲೆಗೆ ಸವರಿದ್ದು ಹೊನ್ನವ್ವನ ಸುಣ್ಣವೇ. ಹದಿನೈದು ವರ್ಷದಿಂದ ಅವಳ ಕೈಯಿಂದಲೇ ಕೊಂಡದ್ದು.

"ನೀನು ಹೊನ್ನವ್ವ ಅನ್ನೋದಕ್ಕೆ ಗುರುತಿಲ್ಲವಲ್ಲಮ್ಮ!"

"ಅಯ್ಯೋ ರಾಯರೇ! ನಾನು ಯಾರು ಅಂತ ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ."

"ನನ್ನ ಸುಣ್ಣ ತಿಂತಿರೋದು ನೀವಾ, ಯಂತ್ರವಾ?"

ರಾಯರು ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದರು. ಮಗನ ಹೆಸರು ಖಾತೆಗೆ ಸೇರಿಸಿ ಅವನ ಹೆಬ್ಬೆಟ್ಟು ಒತ್ತಿಸಬೇಕು, ಶನಿವಾರದೊಳಗೆ. ಇಲ್ಲದಿದ್ದರೆ ಪಿಂಚಣಿ ನಿಂತಿತು ಅಂದರು. ಓದಿದವರ ವಿವೇಕ ನೋಡಿ! ಸುಣ್ಣ ನಾಲಿಗೆಗೆ ಗೊತ್ತು, ಸುಣ್ಣದವಳು ಕಣ್ಣಿಗೆ ಕಾಣಳು.

ಸುಣ್ಣದ ಗೂಡಿಗೆ ಬೆಂಕಿ ಕೊಟ್ಟಾಗಿತ್ತು, ಬಿಟ್ಟು ಹೋಗುವಂತಿರಲಿಲ್ಲ. ಬುಧವಾರ ಹೊನ್ನವ್ವ ಮಗನ ಹಣೆಗೆ ವಿಭೂತಿ ಹಚ್ಚಿದಳು.

"ಈರಾ, ಪ್ಯಾಟೆಗೆ ಹೋಗು. ಹೆಬ್ಬೆಟ್ಟು ಒತ್ತು ಅಂತಾರೆ. ಯಾಕೆ, ಏನು ಅನ್ನದೆ ಒತ್ತಿಬಿಡು!"

"ಹೂಂ ಕಣವ್ವ!"

ಸಂಜೆ ಬಂದ. ತಲೆ ಮೇಲೆ ಕೆಂಪು ಬಕೆಟ್ಟು.

"ಏನೋ ಇದು?"

"ಪುಕ್ಕಟೆ ಕಣವ್ವ! ಬಸ್‌ಸ್ಟ್ಯಾಂಡಲ್ಲಿ ಸಿಮ್ಮು ಮಾರೋನು ಒತ್ತು ಅಂದ, ಒತ್ತಿದೆ. ಇನ್ನೊಂದ್ಸಲ ಅಂದ, ಇನ್ನೊಂದ್ಸಲ ಒತ್ತಿದೆ. ಏಳು ಸಲ ಒತ್ತಿದೆ!"

"ಸಿಮ್ಮು ಎಲ್ಲೋ?"

"ಅವನೇ ಇಟ್ಕೊಂಡ. ನಾನು ಯಾಕೆ, ಏನು ಅನ್ನಲಿಲ್ಲ!"

"ಅಯ್ಯೋ ಮಂಕುಮುಂಡೇದೇ! ನಿನ್ನ ಹೆಸರಲ್ಲಿ ಏಳು ಫೋನು ಊರೂರು ಅಲೀತವೆ! ಯಾವ ಕಳ್ಳ ಯಾರಿಗೆ ಟೋಪಿ ಹಾಕಿದರೂ ಪೊಲೀಸಿನೋರು ಬರೋದು ನಮ್ಮ ಬಾಗಿಲಿಗೆ! ಹೆಬ್ಬೆಟ್ಟು ಅಂದ್ರೆ ಬೀಗದಕೈ ಇದ್ದಂಗೆ ಕಣೋ, ಕಂಡೋರಿಗೆಲ್ಲ ತೋರಿಸಬಾರದು. ಬಟ್ಟೆ ಸುತ್ತಿ ಮುಚ್ಚಿಟ್ಕೊ!"

"ಹೂಂ ಕಣವ್ವ!"

ಗುರುವಾರ ಹೋದ. ಸಂಜೆ ಕುಂಟುತ್ತಾ ಬಂದ. ಹೆಬ್ಬೆಟ್ಟಿಗೆ ಸುತ್ತಿದ ಟವೆಲ್ಲು ಬೇಲದ ಹಣ್ಣಿನಷ್ಟು ದಪ್ಪ.

"ಒತ್ತಿದೆಯಾ?"

"ಬಿಚ್ಚು ಅಂದರು ರಾಯರು. ಬಿಚ್ಚಲ್ಲ ಅಂದೆ. ಗಾಯ ಆಗಿದೆ ಅಂದ್ಕೊಂಡು ಆಸ್ಪತ್ರೆಗೆ ಕಳಿಸಿದರು. ಅಲ್ಲೂ ಬಿಚ್ಚಲಿಲ್ಲ ಕಣವ್ವ! ಕೊನೆಗೆ ಕುಂಡಿಗೆ ಚುಚ್ಚಿ ಕಳಿಸಿದರು!"

"ನಿನ್ನ ಬುದ್ಧಿಗೆ ಬೆಂಕಿ ಹಾಕ! ಬ್ಯಾಂಕಿನೋರ ಮುಂದೆ ಬಿಚ್ಚಬೇಕು ಕಣೋ! ಒತ್ತು. ಆಮೇಲೆ ನಿನ್ನ ಗುರುತು ಅಲ್ಲೇ ಬಿಟ್ಟು ಬರಬೇಡ, ಗಾಜಿನ ಮೇಲಿಂದ್ಲೂ ಕದಿಯೋ ಕಳ್ಳರಿದ್ದಾರಂತೆ. ಚೆನ್ನಾಗಿ ಒರೆಸಿ ಬಾ!"

"ಹೂಂ ಕಣವ್ವ!"

ಶುಕ್ರವಾರ ಮೈಯೆಲ್ಲ ಒದ್ದೆ ಮಾಡಿಕೊಂಡು ಬಂದ.

"ಒತ್ತಿದೆ ಕಣವ್ವ! ಹಸಿರು ದೀಪ ಬಂತು! ನನ್ನ ಗುರುತು ವಾಪಸ್ ಕೊಡಿ ಅಂದೆ. ಅದು ಇಲ್ಲಿಲ್ಲ, ಎಲ್ಲೋ ದೂರದ ಊರಿಗೆ ಹೋಯ್ತು ಅಂದರು. ಯಾರ ಹತ್ರ ಐತೆ ಅಂದೆ. ನಮಗೂ ಗೊತ್ತಿಲ್ಲ ಅಂದರು!"

ನೋಡಿದಿರಾ! ಕೊಟ್ಟವನಿಗೆ ಗೊತ್ತಿಲ್ಲ, ತಗೊಂಡವನಿಗೂ ಗೊತ್ತಿಲ್ಲ. ಪೆದ್ದ ಅನ್ನೋ ಹೆಸರು ಮಾತ್ರ ಒಬ್ಬನಿಗೇ.

"ಆಮೇಲೆ?"

"ಗಾಜಿನ ಮೇಲೆ ಉಳಿದದ್ದನ್ನಾದರೂ ಬಿಡಬಾರದು ಅಂತ ಎರಡು ಕೊಡ ನೀರು ಹಾಕಿ, ತೆಂಗಿನ ನಾರಲ್ಲಿ ಉಜ್ಜಿದೆ. ಹೊರಗೂ ತೊಳೆದೆ, ಒಳಗೂ ತೊಳೆದೆ! ಯಂತ್ರ ಟುಸ್ ಅಂತು. ರಾಯರು ಅತ್ತರು."

"ಶಿವಶಿವಾ! ದುಡ್ಡು?"

"ನಾಳೆ ಬೇರೆ ಯಂತ್ರ ತರಿಸ್ತಾರಂತೆ. ನಾಳೆಯೇ ಕಡೇ ದಿನವಂತೆ."

ಹೊನ್ನವ್ವ ರಾಗಿಯ ಡಬ್ಬ ಅಲ್ಲಾಡಿಸಿ ನೋಡಿದಳು. ಸದ್ದಿಲ್ಲ.

"ಈರಾ, ನಿನ್ನ ಬುದ್ಧಿ ಓಡಿಸಬೇಡ! ನನ್ನ ಮಾತೂ ನಿನಗೆ ಬೇಡ! ರಾಯರನ್ನ ಕಣ್ಣು ಬಿಟ್ಟು ನೋಡು. ಅವರು ದುಡ್ಡು ಹೇಗೆ ಕಾಯ್ತಾರೋ ಹಾಗೇ ಕಾಯಿ!"

"ಹೂಂ ಕಣವ್ವ!"

ಶನಿವಾರ ಇಡೀ ದಿನ ಹೊನ್ನವ್ವ ಗೂಡಿನ ಮುಂದೆ ಜಪ ಮಾಡಿದಳು. ಸಂಜೆ ಗೂಡು ತಣ್ಣಗಾದ ಮೇಲೆ, ಬೆಳಗಿನಿಂದ ಒಂದು ಮುದ್ದೆಯೂ ಕಾಣದ ಹೊಟ್ಟೆ ಹೊತ್ತು ಮನೆಗೆ ಬಂದಳು. ಬಾಗಿಲು ಹಾಕಿತ್ತು. ಕಿಟಕಿಯ ಸರಳಿನ ಹಿಂದೆ ಈರಭದ್ರ ಗಂಭೀರವಾಗಿ ಕೂತಿದ್ದ. ಕಿಟಕಿಯ ಕಟ್ಟೆಯ ಮೇಲೆ ಬೂದಿ ಹರಡಿದ ತಟ್ಟೆ.

"ಈರಾ, ದುಡ್ಡು ಬಂತೇನೋ?"

"ಬಂತು! ಮಡಕೆಯಲ್ಲಿ ಭದ್ರವಾಗಿ ಐತೆ."

"ಶಿವ ದೊಡ್ಡವನಪ್ಪಾ! ತೆಗಿ ಬಾಗಿಲು, ಅಂಗಡಿ ಮುಚ್ಚೋದ್ರೊಳಗೆ ರಾಗಿ ತರಬೇಕು."

"ಮೊದಲು ಒತ್ತು."

"ಏನು?"

"ಹೆಬ್ಬೆಟ್ಟು!"

ಹಸಿದವಳು ಒತ್ತಿದಳು. ಈರಭದ್ರ ಬಗ್ಗಿ ನೋಡಿದ, ತಲೆ ಅಲ್ಲಾಡಿಸಿದ. "ಗೆರೆ ಇಲ್ಲ. ಆಗಲ್ಲ."

"ಲೇ! ನಿನ್ನ ಹೆತ್ತ ಅವ್ವ ಕಣೋ ನಾನು!"

"ಎಲ್ಲರೂ ಹಂಗೇ ಅಂತಾರಂತೆ. ರಾಯರು ಹೇಳಿದರು."

ಬೈದಳು. ಬೇಡಿದಳು. ಕಿಟಕಿಯೊಳಗೆ ಕೈ ಹಾಕಿ ಜುಟ್ಟು ಹಿಡಿಯಲು ನೋಡಿದಳು. ಅವನು ಹಿಂದೆ ಸರಿದು ಕೂತ. ಕೊನೆಗೆ ಸೋತು ಕೇಳಿದಳು:

"ಹಂಗಾದ್ರೆ ಯಾರ ಹೆಬ್ಬೆಟ್ಟು ಆಗುತ್ತೋ?"

"ನಂದು! ನಂದು ಒಂದೇ!"

"ಹಾಗಾದ್ರೆ ನೀನೇ ಒತ್ತಿ ಬಾಗಿಲು ತೆಗಿಯಪ್ಪಾ, ನಿನ್ನ ದಮ್ಮಯ್ಯ!"

ಈರಭದ್ರನ ಮುಖ ಅರಳಿತು. ಎದ್ದ. ನಿಂತ. ಯೋಚಿಸಿದ. ಬ್ಯಾಂಕಿನಲ್ಲಿ ಒಳಗೆ ಕೂತು ಒತ್ತಿದವರನ್ನು ಅವನು ಕಂಡಿರಲಿಲ್ಲ. ಒತ್ತುವವರೆಲ್ಲ ಹೊರಗೇ ನಿಂತಿದ್ದರು.

ಬಾಗಿಲು ತೆಗೆದ. ಹೊನ್ನವ್ವ ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಅವಳನ್ನು ಪಕ್ಕಕ್ಕೆ ಸರಿಸಿ ಹೊರಗೆ ಬಂದ. ಬ್ಯಾಂಕಿನ ಬಾಗಿಲು ತೆರೆದಿಡಬಾರದಲ್ಲ, ದಢಾರನೆ ಎಳೆದುಕೊಂಡ. ಎಳೆದ ರಭಸಕ್ಕೆ ಒಳಗಿನ ಚಿಲಕ ಟಣ್ ಅಂತ ತಾನೇ ಬಿದ್ದು ಬಾಗಿಲು ಭದ್ರವಾಯಿತು.

ಕಿಟಕಿಗೆ ಬಂದು ಬೂದಿಯಲ್ಲಿ ಹೆಬ್ಬೆಟ್ಟು ಒತ್ತಿದ.

"ನೋಡವ್ವ! ಒಂದೊಂದು ಗೆರೆನೂ ಸರಿಯಾಗೈತೆ!"

ಸರಳು ಹಿಡಿದು ಕತ್ತಲೆ ಮನೆಯೊಳಗೆ ಇಣುಕಿದ. ಯಾರೂ ಇರಲಿಲ್ಲ. ಇನ್ನೊಮ್ಮೆ ಒತ್ತಿದ. ಇನ್ನೊಮ್ಮೆ ಇಣುಕಿದ. ಆಮೇಲೆ ಜಗಲಿಯ ಧೂಳು ಟವೆಲ್ಲಿನಲ್ಲಿ ಒರೆಸಿ ಅವ್ವನಿಗೆ ಜಾಗ ಮಾಡಿಕೊಟ್ಟ.

"ಕೂತ್ಕೊ ಕಣವ್ವ. ಊಟಕ್ಕೆ ಹೋಗಿರಬೇಕು, ಬರ್ತಾರೆ."