ಜುಲೇಖಾಬಿಯ ಓಣಿಯ ಈದ್

ಶಿಷ್ಯ ಕೇಳಿದ: "ಹಜರತ್, ಹಸಿದಿದ್ದರೂ ಕೈ ಚಾಚದವರಿದ್ದಾರೆ. ನಾವಾಗಿ ಹೋಗಿ ಕೊಟ್ಟರೆ ಬಾಗಿಲು ಹಾಕಿಕೊಳ್ಳುತ್ತಾರೆ. ಅಂಥವರಿಗೆ ಕೊಡುವುದು ಹೇಗೆ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಜುಲೇಖಾಬಿ ಎಂಬ ಹೆಂಗಸಿದ್ದಳು. ಗಂಡ ಬಳೆಗಾರ. ಅವನು ಇದ್ದಷ್ಟು ದಿನ ಪ್ರತಿ ರಂಜಾನಿಗೂ ಅವರ ಮನೆಯಿಂದ ಬಡವರಿಗೆ ಈದ್ ನಮಾಜಿಗೆ ಮುಂಚೆ ಕೊಡುವ ಫಿತ್ರ ದಾನದ ಗೋಧಿ ಹೋಗುತ್ತಿತ್ತು. ಒಂದು ವರ್ಷ ಗಂಡ ತೀರಿಕೊಂಡ. ಅವಳು ಟೋಪಿ ಹೊಲಿದು ಮಗಳನ್ನು ಸಾಕುತ್ತಿದ್ದಳು. ರೊಟ್ಟಿ ಒಂದೇ ಇದ್ದ ದಿನ ಅದು ಮಗಳ ಪಾಲಾಗುತ್ತಿತ್ತು.

ಅದೇ ಊರಿನಲ್ಲಿ ಒಬ್ಬ ಗೋಧಿ ವರ್ತಕನಿದ್ದ. ಈದ್ ಹತ್ತಿರ ಬಂದಾಗ ಒಂದು ಚೀಲ ಗೋಧಿ ಹೊರಿಸಿಕೊಂಡು ಅವಳ ಮನೆಗೆ ಬಂದ. ಅವಳು ಬಾಗಿಲಿನ ಮರೆಯಲ್ಲೇ ನಿಂತು ಹೇಳಿದಳು: "ಭಾಯಿ, ನಮ್ಮದು ಕೊಟ್ಟ ಮನೆ. ತೆಗೆದುಕೊಂಡು ಅಭ್ಯಾಸವಿಲ್ಲ."

ವರ್ತಕನ ಮುಖ ಸಣ್ಣದಾಯಿತು. ಆದರೆ ಅವನು ವಾದಿಸಲಿಲ್ಲ. ಒಂದು ಗಳಿಗೆ ಯೋಚಿಸಿ ಹೇಳಿದ: "ಆಪಾ, ಇದು ನಿಮಗೆಂದು ತಂದದ್ದಲ್ಲ. ಈ ಓಣಿಯಲ್ಲಿ ಯಾರ ಮನೆಯಲ್ಲಿ ಏನಿಲ್ಲ ಎಂಬುದು ನನಗೆ ತಿಳಿಯದು. ನಮಾಜಿಗೆ ಮುಂಚೆ ಎಲ್ಲರಿಗೂ ಮುಟ್ಟಬೇಕು. ನೀವೇ ಹಂಚಿ ಕೊಡಿ."

ಇದಕ್ಕೆ ಅವಳು ಇಲ್ಲ ಎನ್ನಲಾರದೆ ಹೋದಳು. ಹಂಚುವಾಗ ಒಂದಿಷ್ಟು ತನಗೂ ಇಟ್ಟುಕೊಂಡಾಳು ಎಂದುಕೊಂಡು ವರ್ತಕ ಸಮಾಧಾನದಿಂದ ಹೊರಟುಹೋದ.

ಜುಲೇಖಾಬಿ ಮನೆಮನೆಗೆ ಹೋಗಿ ಗೋಧಿ ಅಳೆದು ಕೊಟ್ಟಳು. ಕೊನೆಯ ಮನೆಯಲ್ಲಿ ಒಬ್ಬ ಮುದುಕಿ. ಅವಳ ಸೆರಗಿಗೆ ಚೀಲವನ್ನು ಕೊಡವಿ ಸುರಿದಳು. ಮುದುಕಿ ಖಾಲಿ ಚೀಲ ನೋಡಿದಳು, ಜುಲೇಖಾಬಿಯ ಒಣಗಿದ ತುಟಿ ನೋಡಿದಳು. ಜುಲೇಖಾಬಿ ತನಗೆಂದು ಒಂದು ಕಾಳೂ ಇಟ್ಟುಕೊಂಡಿಲ್ಲ ಎಂಬ ಮಾತು ಸಂಜೆಯ ಹೊತ್ತಿಗೆ ಓಣಿಯೆಲ್ಲ ಸುತ್ತಿತ್ತು.

ಈದಿನ ಬೆಳಿಗ್ಗೆ ಜುಲೇಖಾಬಿ ಒಗೆದ ಹಳೆಯ ಲಂಗವನ್ನೇ ಮಗಳಿಗೆ ತೊಡಿಸಿದಳು.

"ಅಮ್ಮೀ, ಈ ಸಲ ನಮ್ಮ ಮನೆಯಲ್ಲಿ ಸಿಹಿ ಇಲ್ಲವಾ?" ಎಂದು ಮಗು ಕೇಳಿತು. ತಾಯಿ ಅದರ ತಲೆ ಬಾಚುತ್ತಲೇ ಇದ್ದಳು.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಆ ಮುದುಕಿ ಹಾಲು-ಶಾವಿಗೆಯ ಶೀರ್ ಖುರ್ಮಾದ ಬಟ್ಟಲು ಹಿಡಿದು ನಿಂತಿದ್ದಳು. "ಈದ್ ಮುಬಾರಕ್, ಮಗಳೇ" ಎಂದಳು. ಅವಳ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬರು. ಹಬ್ಬದ ಬಟ್ಟಲನ್ನು ಬೇಡ ಎನ್ನುವವರು ಯಾರಿದ್ದಾರೆ? ಜುಲೇಖಾಬಿ ತೆಗೆದುಕೊಂಡಳು. ಬಟ್ಟಲು ಖಾಲಿ ಹೋಗಬಾರದೆಂದು ಒಬ್ಬರು ತಂದದ್ದನ್ನು ಇನ್ನೊಬ್ಬರ ಬಟ್ಟಲಿಗೆ ಹಾಕಿ ಕಳಿಸಿದಳು. ಆದರೂ ಮನೆಯಲ್ಲಿ ಬೇಕಾದಷ್ಟು ಉಳಿಯಿತು. ಮಗು ಗಲ್ಲಕ್ಕೆಲ್ಲ ಹಾಲು ಮೆತ್ತಿಕೊಂಡು ತಿಂದಿತು. ಆಮೇಲೆ ತಾಯಿಯೂ ತಿಂದಳು.

ನಮಾಜು ಮುಗಿಸಿ ವರ್ತಕ ಆ ದಾರಿಯಲ್ಲಿ ಬಂದ. ಅವಳು ತಾನೇ ಕರೆದು ಅವನ ಕೈಗೊಂದು ಬಟ್ಟಲು ಕೊಟ್ಟಳು. ವರ್ತಕ ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತು ಕೊನೆಯ ಹನಿಯವರೆಗೂ ಕುಡಿದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಅಲ್ಲಿ ನಿಜವಾಗಿ ಕೊಟ್ಟವರು ಯಾರು ಹಜರತ್? ವರ್ತಕನೋ, ಆ ತಾಯಿಯೋ, ಓಣಿಯವರೋ?"

ಗುರುಗಳು ಹೇಳಿದರು: "ಅವರಲ್ಲಿ ಬರೀ ತೆಗೆದುಕೊಂಡವರು ಯಾರು, ಅದನ್ನು ಮೊದಲು ನೀನು ಹೇಳು."