ಸಾಕ್ಷಿಗುಡ್ಡದ ಅರ್ಧ ಕುಟ್ಟಿದ ಕಲ್ಲು

ತೊರೆಕಣಿವೆಯ ದಾರಿಯಲ್ಲಿ, ಪೊಲೀಸರ ಹೊರಠಾಣೆಗೆ ಸರಿ ಎದುರಾಗಿ ಒಂದು ಬೋಳು ಗುಡ್ಡವಿದೆ. ಮೇಲೆ ಗುಡಿಯಿಲ್ಲ, ಮರವಿಲ್ಲ. ಇರುವುದು ಬೀಸುವ ಕಲ್ಲುಗಳ ಒಂದು ರಾಶಿ. ಬುಡದಲ್ಲಿ 'ಗುಡ್ಡದ ಮೇಲೆ ಕಲ್ಲು ಇಡುವುದನ್ನು ನಿಷೇಧಿಸಲಾಗಿದೆ' ಎಂದು ಠಾಣೆಯವರು ಫಲಕ ನೆಟ್ಟಿದ್ದಾರೆ. ಕಲ್ಲಿಗೂ ಹೆದರುವ ಠಾಣೆ ನೋಡಿ ಇದು! ಸುತ್ತಲ ಹಳ್ಳಿಯವರು ಇದನ್ನು ಸಾಕ್ಷಿಗುಡ್ಡ ಎನ್ನುತ್ತಾರೆ. ಯಾತರ ಸಾಕ್ಷಿ ಎಂದು ಕೇಳಿದರೆ ಗಂಡಸರು ಮಾತು ತೇಲಿಸುತ್ತಾರೆ. ಹೆಂಗಸರು ಹೇಳುತ್ತಾರೆ, ಮತ್ತು ಇಲ್ಲಿ ಬರೆದಿರುವುದು ಅವರು ಹೇಳಿದ್ದು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಠಾಣೆಯ ಜಾಗದಲ್ಲೇ ಒಂದು ಉಕ್ಕಡವಿತ್ತಂತೆ. ದಾರಿಹೋಕರನ್ನು ಕಾಯಲೆಂದು ಇಟ್ಟ ಕಾವಲುಮನೆ ಅದು. ಕಾದರು, ಚೆನ್ನಾಗಿಯೇ ಕಾದರು! ಅಲ್ಲಿನ ಕಾವಲಿನವರ ಮುಖ್ಯಸ್ಥ ಗುರಿಕಾರ ಸೂರಪ್ಪ. ಆಗ ಬೊಮ್ಮಕ್ಕ ಎಂಬ ಕಲ್ಲುಕುಟಿಗರ ಹೆಂಗಸು ಊರೂರು ತಿರುಗಿ, ಸವೆದು ನುಣುಪಾದ ಬೀಸುವ ಕಲ್ಲುಗಳನ್ನು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುತ್ತಿದ್ದಳು. ಅವಳ ಕುಲದಲ್ಲಿ ಒಂದು ಕಟ್ಟುಪಾಡಿತ್ತು: ಹಿಡಿದ ಕಲ್ಲನ್ನು ಅರ್ಧಕ್ಕೆ ಬಿಟ್ಟು ಏಳಬಾರದು. ಜ್ವರ ಬಂದರೂ, ಮಳೆ ಹೊಯ್ದರೂ ಮುಗಿಸಿಯೇ ಏಳಬೇಕು. ಒಂದು ದಿನ ನಡುಮಧ್ಯಾಹ್ನ ಉಕ್ಕಡದವರು ಅವಳನ್ನು ಕರೆದು ತಮ್ಮ ಕಲ್ಲಿನ ಮುಂದೆ ಕೂರಿಸಿದರು. ಅರ್ಧ ಕುಟ್ಟಿದ್ದಳು, ಅಷ್ಟರಲ್ಲಿ ಸೂರಪ್ಪ ಒಳಗೆ ಬಂದು ಬಾಗಿಲು ಹಾಕಿದ. ಅವಳ ಕೂಗು ಹೊರಗೆ ಕೂತಿದ್ದ ನಾಲ್ವರು ಕಾವಲಿನವರಿಗೂ ಕೇಳಿಸಿತು. ಒಬ್ಬನೂ ಎದ್ದು ಬರಲಿಲ್ಲ.

ಬಾಗಿಲು ತೆರೆದ ಮೇಲೆ ಬೊಮ್ಮಕ್ಕ ಗೋಡೆ ಹಿಡಿದು ಎದ್ದಳು. ಅಳುವುದಕ್ಕೂ ಮೊದಲು ಅವಳಿಗೆ ನೆನಪಾದದ್ದು ಮಗಳು ಗಿರಿಯಮ್ಮ. ಬರುವ ಸುಗ್ಗಿಗೆ ಅವಳೂ ಉಳಿ ಹಿಡಿಯುವವಳು, ಇದೇ ದಾರಿಯಲ್ಲಿ ನಡೆಯುವವಳು. ಕಣಿವೆ ದಾಟಲು ಬೇರೆ ದಾರಿಯೇ ಇರಲಿಲ್ಲ. ಈ ಗಂಡಸು ಇಲ್ಲಿಂದ ತೊಲಗಬೇಕು, ಮಾಡಿದ್ದು ಹೌದೆಂದು ನಾಲ್ಕು ಜನರೆದುರು ಸಾಬೀತಾಗಬೇಕು ಅಂದುಕೊಂಡವಳೇ, ಅರ್ಧ ಕುಟ್ಟಿದ ಆ ಮೇಲಿನ ಕಲ್ಲನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಹೊರಟಳು. ಕಾವಲಿನವರು ಬಿದ್ದು ಬಿದ್ದು ನಕ್ಕರು. ಅವಳು ಸಾಕ್ಷಿಯನ್ನೇ ಹೊತ್ತು ನಡೆದಿದ್ದಾಳೆಂದು ಆ ಮಂಕುಗಳಿಗೆ ಹೊಳೆಯಲಿಲ್ಲ.

ಪಾಳೆಯಗಾರನ ಪರವಾಗಿ ನ್ಯಾಯ ನೋಡುತ್ತಿದ್ದವನು ಪಾರುಪತ್ಯಗಾರ. ಅವನ ಚಾವಡಿಯಲ್ಲಿ ಸೂರಪ್ಪ, ಈ ಹೆಂಗಸು ನಮ್ಮ ಉಕ್ಕಡದ ಹೊಸಿಲನ್ನೇ ತುಳಿದಿಲ್ಲ ಎಂದು ಆಣೆಯಿಟ್ಟ. ಬೊಮ್ಮಕ್ಕ ಉಕ್ಕಡದ ಆ ಕಲ್ಲನ್ನು ಮಗುಚಿ ಇಟ್ಟಳು. ಅವಳ ಕುಲದ ಹಿರಿಯ ಗುಂಡಜ್ಜ ಅದರ ಮೇಲೆ ಬೆರಳಾಡಿಸಿ, "ಇದು ನಮ್ ಬೊಮ್ಮಕ್ಕನ ಕೈಯೇ, ಸ್ವಾಮಿ. ನಮ್ಮೋರು ಅರ್ಧಕ್ಕೆ ಬಿಟ್ಟು ಏಳೋರಲ್ಲ. ಯಾರೋ ಎಬ್ಬಿಸವ್ರೆ" ಎಂದ. ಪಾರುಪತ್ಯಗಾರ ಗಡ್ಡ ನೀವಿಕೊಂಡು, ಇನ್ನೂ ವಿಚಾರಣೆ ಆಗಬೇಕು, ಅಲ್ಲಿಯವರೆಗೆ ಕಲ್ಲು ಭದ್ರವಾಗಿರಲಿ ಎಂದು ಅಪ್ಪಣೆ ಕೊಟ್ಟ. ಭದ್ರವಾಗಿ ಎಲ್ಲಿ? ವಸ್ತು ಕಾಯುವುದು ಕಾವಲಿನವರ ಕೆಲಸ, ಆದ್ದರಿಂದ ಉಕ್ಕಡದಲ್ಲಿ! ವಿಚಾರಿಸುವವರು ಯಾರು? ಅವರೂ ಕಾವಲಿನವರೇ. ಇಂಥ ನ್ಯಾಯಕ್ಕೆ ಬೆಂಕಿ ಹಾಕ.

ಮೂರು ತಿಂಗಳ ಮೇಲೆ ಕಲ್ಲು ಚಾವಡಿಗೆ ಬಂದಾಗ ಅದನ್ನು ಅಂಚಿನಿಂದ ಅಂಚಿಗೆ ಪೂರ್ತಿ ಕುಟ್ಟಲಾಗಿತ್ತು. ಒಂದು ಅರ್ಧದಲ್ಲಿ ಹೊಲಿಗೆ ಹಾಕಿದಷ್ಟು ಒಪ್ಪವಾದ ಏಟು, ಇನ್ನೊಂದರಲ್ಲಿ ಉಳಿ ಹಿಡಿಯಲು ಬಾರದವನ ಅಡ್ಡಾದಿಡ್ಡಿ ಏಟು. ಬೊಮ್ಮಕ್ಕ, "ಬುದ್ಧಿ, ಒಂದ್ಸಲ ಮುಟ್ಟಿ ನೋಡಿ. ಕಣ್ಣಿಲ್ದೋರಿಗೂ ಗೊತ್ತಾಗ್ತೈತೆ" ಎಂದು ಕೈಮುಗಿದಳು. ಪಾರುಪತ್ಯಗಾರ ಕಲ್ಲಿನ ಕಡೆ ಕೈ ಚಾಚಲೇ ಇಲ್ಲ. "ಉಕ್ಕಡದ ಮಾನ ಹೋದರೆ ಸೀಮೆಯ ಮಾನ ಹೋದಂತೆ ಕಣಮ್ಮ" ಎಂದು ತೀರ್ಪು ಕೊಟ್ಟ. ಗುರಿಕಾರನಿಗೆ ಇನ್ನೂ ದೊಡ್ಡದೊಂದು ಉಕ್ಕಡಕ್ಕೆ ವರ್ಗ. ಕಾವಲುಮನೆಯ ಕಲ್ಲು ಕದ್ದದ್ದಕ್ಕೆ ಬೊಮ್ಮಕ್ಕನಿಗೆ ಛೀಮಾರಿ. ಕಲ್ಲನ್ನು ಅವಳೇ ಹೊತ್ತು ಹಿಂದಕ್ಕೆ ಮುಟ್ಟಿಸಬೇಕು.

ಅವಳು ಹೊತ್ತಳು. ಆದರೆ ಉಕ್ಕಡದ ಬಾಗಿಲಿಗೆ ಹೋಗಲಿಲ್ಲ, ಎದುರಿನ ಗುಡ್ಡ ಹತ್ತಿದಳು. ಹಾಡಹಗಲಲ್ಲಿ, ಕೆಳಗೆ ಕಾವಲಿನವರು ನೋಡುತ್ತಿದ್ದಂತೆಯೇ, ಅವರು ಕುಟ್ಟಿದ ಆ ಸುಳ್ಳಿನ ಅರ್ಧವನ್ನು ಇನ್ನೊಂದು ಕಲ್ಲಿನಿಂದ ತಿಕ್ಕತೊಡಗಿದಳು. ಒಂಬತ್ತು ದಿನ ತಿಕ್ಕಿ ಮತ್ತೆ ನುಣುಪು ಮಾಡಿದಳು ಎನ್ನುತ್ತಾರೆ. ಅಂಗೈ ಸುಲಿದು ರಕ್ತ ಬಂದರೂ ಬಿಡಲಿಲ್ಲವಂತೆ. ಕಲ್ಲು ಮೊದಲಿನಂತೆ ಅರ್ಧವಾದ ಮೇಲೆ ಅದನ್ನು ಉಕ್ಕಡಕ್ಕೆ ಮುಖ ಮಾಡಿ ನಿಲ್ಲಿಸಿ, ಗಿರಿಯಮ್ಮನ ಕೈಹಿಡಿದು ಆ ಸೀಮೆಯನ್ನೇ ಬಿಟ್ಟು ಹೋದಳು. ಮರುವರ್ಷ ಒಬ್ಬ ಹೆಂಗಸು ಅರ್ಧ ಕುಟ್ಟಿದ ಕಲ್ಲು ಹೊತ್ತು ಗುಡ್ಡ ಹತ್ತಿದಳು. ಯಾವೂರಮ್ಮ ಎಂದು ದನ ಕಾಯುವವರು ಕೇಳಿದರು. ಸೂರಪ್ಪನಿಗೆ ವರ್ಗವಾಗಿತ್ತಲ್ಲ, ಆ ಊರು.

ಈಗಲೂ ಹೋದವರು ನೋಡಬಹುದು. ಬೊಮ್ಮಕ್ಕನದೆನ್ನುವ ಕಲ್ಲು ಎಲ್ಲಕ್ಕೂ ಅಡಿಯಲ್ಲಿದೆ, ಪಾಚಿ ಹಿಡಿದು ಕಪ್ಪಾಗಿದೆ. ಅದರ ಮೇಲಿನವುಗಳ ಲೆಕ್ಕ ಯಾರೂ ಇಟ್ಟಿಲ್ಲ. ಊರಿಗೆ ಹಿಟ್ಟಿನ ಗಿರಣಿ, ಮನೆಮನೆಗೂ ಮಿಕ್ಸಿ ಬಂದ ಮೇಲೆ ಬೀಸುವ ಕಲ್ಲು ಸಿಗುವುದೇ ಅಪರೂಪ. ಹಾಗಾಗಿ ರಾಶಿಯ ಮೇಲುಭಾಗದಲ್ಲಿರುವುದೆಲ್ಲ ಅಡುಗೆಮನೆ ಕಟ್ಟೆಗೆ ಹಾಕುವ ಗ್ರಾನೈಟಿನ ತುಂಡುಗಳು, ಅರ್ಧ ನುಣುಪು, ಅರ್ಧ ಉಳಿಯಿಂದ ಕುಟ್ಟಿದ್ದು. ಈ ವರ್ಷ ಯುಗಾದಿಯ ಮರುದಿನ ಮೇಲೆ ಹತ್ತಿದವರು, ತುದಿಯಲ್ಲಿದ್ದ ತುಂಡಿನ ಮೇಲೆ ಉಳಿಯೇಟಿನ ಬಿಳಿ ಪುಡಿ ಇನ್ನೂ ಗಾಳಿಗೆ ಹಾರಿರಲಿಲ್ಲ ಎನ್ನುತ್ತಾರೆ.